ಸಬ್‌ಮರೀನ್ ಆಟದಲ್ಲಿ ಡೀಸೆಲ್ ಬೇಗ ಖಾಲಿಯಾಗುತ್ತಿದ್ದದ್ದು ಸರಿಹೋಯ್ತು

ಟೈಪ್ 7ಸಿ ಯು-ಬೋಟ್ (ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್) ತಗೊಂಡು ಅಟ್ಲಾಂಟಿಕ್‌ಗೆ ಹೊರಟರೆ, ವಾಪಸ್ ಬರುವಾಗ ಬಂದರು ಇನ್ನೂ ದೂರ ಇರುವಾಗಲೇ ಡೀಸೆಲ್ ಮುಗಿದುಹೋಗುತ್ತಿತ್ತು. ವೇಗ ಕಡಿಮೆ ಮಾಡು ಅಂತ ಧಾರವಾಡದ ಗೆಳೆಯ ಸುಮ್ನೆ ಹೇಳಿದ. ನಾನು ಹೋಗುತ್ತಿದ್ದದ್ದೇ 10 ನಾಟ್‌ನಲ್ಲಿ, ಅಂದರೆ ಗಂಟೆಗೆ 10 ನಾಟಿಕಲ್ (ಸಮುದ್ರ) ಮೈಲಿ! ಆ ವೇಗದಲ್ಲಿ ನೀರಿನ ಮೇಲೆ ಈ ಬೋಟ್ 8,500 ನಾಟಿಕಲ್ ಮೈಲಿ ಓಡಬೇಕು, ಅಂದರೆ ಸುಮಾರು 15,740 ಕಿ.ಮೀ.

ಹಾಕಿಕೊಂಡಿದ್ದ ಮಾಡ್‌ನ (ಆಟವನ್ನು ಬದಲಿಸಲು ಬೇರೆಯವರು ಮಾಡಿದ ಫೈಲುಗಳು) ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ರೇಂಜ್, ಅಂದರೆ ಓಡಬಲ್ಲ ದೂರದ ಜಾಗದಲ್ಲಿ ಕಿ.ಮೀ. ಲೆಕ್ಕದಲ್ಲಿ 13,679 ಅಂತಿತ್ತು. ಅದನ್ನು 8,500ರಿಂದ ಭಾಗಿಸಿದರೆ 1.609 ಬಂತು, ಅಲ್ಲಿಗೆ ಗುಟ್ಟು ಬಯಲು. ಅದು ರಸ್ತೆ ಮೈಲಿಯ ಲೆಕ್ಕ, ಒಂದು ರಸ್ತೆ ಮೈಲಿಗೆ 1.609 ಕಿ.ಮೀ. ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಅಲ್ವಾ? ಕಳೆದುಹೋದದ್ದು 2,000 ಕಿ.ಮೀ.ಗಿಂತ ಜಾಸ್ತಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೂ ಇನ್ನೂ ಮಿಕ್ಕುತ್ತದೆ.

ನೀರಿನೊಳಗಿನ ಸಾಲಿನಲ್ಲೂ ಅದೇ ಕಥೆ. 4 ನಾಟ್‌ಗೆ 80 ನಾಟಿಕಲ್ ಮೈಲಿ, ಅಂದರೆ 148 ಕಿ.ಮೀ. ಇರಬೇಕಿತ್ತು, 129 ಇತ್ತು. ನೀರಿನೊಳಗೆ ಬೋಟ್ ಓಡುವುದು ಬ್ಯಾಟರಿಯಿಂದ, ಅದರ ಮೇಲೆ ಸುಮ್ನೆ ಅನುಮಾನ ಪಟ್ಟಿದ್ದಾಯ್ತು.

ಮೊದಲು ಫೈಲಿನ ಕಾಪಿ ಇಟ್ಟುಕೊಂಡೆ, ಆಮೇಲೆ ಎರಡೂ ಅಂಕಿ ಬದಲಿಸಿದೆ. ವೇಗದ ಸಾಲು ನಾಟ್‌ನಲ್ಲೇ ಸರಿಯಾಗಿತ್ತು, ಅದನ್ನು ಮುಟ್ಟಬೇಡಿ. ಹಳೆಯ ಸೇವ್ ತೆರೆದರೆ ಏನೂ ಬದಲಾಗಲಿಲ್ಲ, ಬಂದರಿನಿಂದ ಹೊಸದಾಗಿ ಹೊರಟ ಮೇಲೇ ಸರಿಹೋಯಿತು.