ನಾಲ್ಕನೇ ಮೂಲೆ ಮಾತ್ರ ಬಾಯಿಬಿಡುವ ಫ್ರೇಮು

ಮೈಸೂರು ಶೈಲಿ ಚಿತ್ರಕ್ಕೆ ತೇಗದ ಪಟ್ಟಿಯ ಕಟ್ಟು ಹಾಕುವಾಗ ಮೂರು ಮೂಲೆ ಕೂತು ನಾಲ್ಕನೆಯದು ಸಂದಿ ಬಿಡುತ್ತಿತ್ತು. ಎದುರುಬದುರು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿದರೆ ಉದ್ದ ಸಮ. ಅಂದರೆ ತಪ್ಪು ಕೋನದ್ದೇ. ಒಂದು ಫ್ರೇಮಿಗೆ 8 ಕಡಿತ. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಗೆ 4 ಡಿಗ್ರಿ ಬಂದು ಬೀಳುತ್ತದೆ! ಪಟ್ಟಿ ಕೊಯ್ಯುವ ಮಷೀನಿನ ಮೇಲಿನ 45 ಡಿಗ್ರಿ ಗುರುತನ್ನು ನಂಬಬೇಡಿ. ಎರಡು ಚೂರು ಕೊಯ್ದು, ಮೂಲೆಮಟ್ಟಕ್ಕೆ (90 ಡಿಗ್ರಿ ನೋಡುವ ಸಾಧನ) ಆನಿಸಿ ಜೋಡಿಸಿ ಬೆಳಕಿಗೆ ಹಿಡಿಯಿರಿ. ಜೋಡಿನ ಒಳಗಡೆ ಸಂದಿ ಕಂಡರೆ ಬ್ಲೇಡು 45 ದಾಟಿದೆ, ಹೊರಗಡೆ ಕಂಡರೆ ಕಮ್ಮಿಯಿದೆ.

ಇಲ್ಲಿ ಬ್ಲೇಡಿನ ಕೋನ ಸರಿಯಾಗೇ ಇತ್ತು. ಪಟ್ಟಿ ಆನಿಸುವ ಫೆನ್ಸಿನ ಬುಡದಲ್ಲಿ ಮರದ ಹೊಟ್ಟು ಗಟ್ಟಿಯಾಗಿ ಕೂತು ಪಟ್ಟಿಯನ್ನು ಓರೆ ಮಾಡುತ್ತಿತ್ತು. ಕೆರೆದು ತೆಗೆದೆ. ಈಗ ಪ್ರತಿ ಕಡಿತಕ್ಕೂ ಬ್ರಷ್ ಆಡಿಸುವುದು. ಅಳತೆಗೆ ಇಡುವ ಸ್ಟಾಪರ್ ಮರದ ಕೆಳ ಅಂಚನ್ನೂ 3 ಮಿ.ಮೀ. ಕೆತ್ತಿದರೆ ಹೊಟ್ಟು ಅಲ್ಲಿಗೆ ಸರಿಯುತ್ತದೆ, ಉದ್ದವೂ ಕೆಡದು.