ಕುಂಪರ್ಸಿತಾದ ಜಾಡು ಹಿಡಿದು

ಟ್ಯಾಂಗೊ ಕುಣಿಯುವ ಕೂಟಕ್ಕೆ ಮಿಲೋಂಗ ಅನ್ನುತ್ತಾರೆ. ಅದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನಡೆಯಲಿ, ಬೆಂಗಳೂರಿನಲ್ಲಿ ನಡೆಯಲಿ, ಕೊನೆಯ ಹಾಡು ಹೆಚ್ಚುಕಮ್ಮಿ ಒಂದೇ: ‘ಲಾ ಕುಂಪರ್ಸಿತಾ’. ನಮ್ಮ ಸಂಗೀತ ಕಚೇರಿಗಳಲ್ಲಿ ಮಂಗಳ ಹಾಡಿದ ಹಾಗೆ. ಅದು ಶುರುವಾದರೆ ಚಪ್ಪಲಿ ಹುಡುಕುವ ಹೊತ್ತು ಬಂತು ಅಂತ ಅರ್ಥ.

ಟ್ಯಾಂಗೊ ಕಲಿಯಲು ಶುರು ಮಾಡಿ ಎರಡು ವರ್ಷ ನಾನು ಈ ಹಾಡಿಗೆ ಸುಮ್ನೆ ಕುಣಿದೆ. ಆಮೇಲೆ ಒಂದೇ ವಾರದಲ್ಲಿ ಅದನ್ನು ಎರಡು ರೀತಿ ಕೇಳಿದೆ. ಒಂದರಲ್ಲಿ ಗಿಟಾರ್ ಜೊತೆ ಒಬ್ಬ ಹಾಡುತ್ತಿದ್ದ. ಇನ್ನೊಂದರಲ್ಲಿ ದೊಡ್ಡ ಆರ್ಕೆಸ್ಟ್ರಾ. ಹಾಡು ಅದೇ. ಆದರೆ ಒಂದು ಅಳುತ್ತಿತ್ತು, ಇನ್ನೊಂದು ಕಾಲು ಹಿಡಿದು ಎಳೆಯುತ್ತಿತ್ತು. ಹೀಗೆ ಹೇಗಾಯಿತು ಅಂತ ಹುಡುಕಲು ಹೊರಟವನು ಒಂದು ವರ್ಷ ಆ ಹಾಡಿನಿಂದ ಹೊರಗೆ ಬರಲಿಲ್ಲ.

ನಾನು ಮಾಡಿದ್ದು ಇಷ್ಟೇ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಒಂದೊಂದು ರೆಕಾರ್ಡಿಂಗ್‌ಗೆ ಒಂದು ಪುಟ. ಮೇಲೆ ನಾಲ್ಕು ಸಾಲು: ರಾಗ ಯಾರದು, ಪದ ಯಾರದು, ನುಡಿಸಿದ ತಂಡ ಯಾವುದು, ಧ್ವನಿಮುದ್ರಣವಾದ ವರ್ಷ ಯಾವುದು. ಅದರ ಕೆಳಗೆ ಕೇಳಿದಾಗ ನನಗೆ ಅನ್ನಿಸಿದ್ದು. ಕಥೆ ಎಲ್ಲಕ್ಕಿಂತ ಕೊನೆಗೆ. ಕಥೆ ಮೊದಲೇ ಗೊತ್ತಾಗಿಬಿಟ್ಟರೆ ಕಿವಿ ಕಥೆಯನ್ನೇ ಕೇಳುತ್ತದೆ, ಹಾಡನ್ನಲ್ಲ.

ವರ್ಷದ ವಿಷಯದಲ್ಲಿ ಮೊದಲು ಎಡವಿದೆ. ಮೊಬೈಲ್ ಆ್ಯಪ್ ತೋರಿಸಿದ ವರ್ಷವನ್ನು ನಂಬಿ ಹತ್ತು ಪುಟ ತುಂಬಿಸಿದ್ದೆ. ಅದು ಹಳೆಯ ಗ್ರಾಮಫೋನ್ ತಟ್ಟೆಯನ್ನು ಸಿಡಿಗೆ ಇಳಿಸಿ ಮಾರಿದ ವರ್ಷ ಅಂತ ತಡವಾಗಿ ಗೊತ್ತಾಯಿತು. 1937ರ ಮುದ್ರಣದ ಪಕ್ಕ 2005 ಅಂತ ಇರುತ್ತದೆ. ಒಂದೇ ತಂಡ ಒಂದೇ ಹಾಡನ್ನು ನಾಲ್ಕಾರು ಸಲ ಮುದ್ರಿಸಿರುವಾಗ ಇದು ದೊಡ್ಡ ಗೊಂದಲ. ಆ ಹತ್ತು ಪುಟ ಹರಿದು ಹಾಕಿದೆ. ಆಮೇಲಿಂದ ತಟ್ಟೆಯ ಮ್ಯಾಟ್ರಿಕ್ಸ್ ನಂಬರ್, ಅಂದರೆ ಮುದ್ರಿಸುವಾಗ ಕಂಪನಿ ಕೊಟ್ಟ ಗುರುತಿನ ಸಂಖ್ಯೆ, ಸಿಗದೆ ಯಾವ ವರ್ಷವನ್ನೂ ಪೆನ್ನಿನಲ್ಲಿ ಬರೆಯಲಿಲ್ಲ, ಪೆನ್ಸಿಲ್‌ನಲ್ಲೇ ಬರೆದೆ.

ಕುಂಪರ್ಸಿತಾ ಅರ್ಜೆಂಟೀನಾದ್ದು ಅಂತಲೇ ನಾನು ತಿಳಿದಿದ್ದೆ. ಅಲ್ಲ, ಅದು ಉರುಗ್ವೆಯದು. ಬರೆದವನು ಮೊಂತೆವಿದೇಯೊ ಊರಿನ ಹೆರಾರ್ದೊ ಮಾತೋಸ್ ರೋದ್ರಿಗೇಸ್. 1897ರಲ್ಲಿ ಹುಟ್ಟಿದವನು, ಆರ್ಕಿಟೆಕ್ಚರ್ ಓದುತ್ತಿದ್ದ ಹುಡುಗ, ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಕಾರ್ನಿವಲ್ ಹಬ್ಬದಲ್ಲಿ ವಿದ್ಯಾರ್ಥಿಗಳ ತಂಡ ಬೀದಿಯಲ್ಲಿ ನುಡಿಸಿಕೊಂಡು ಹೋಗಲಿ ಅಂತ ಮಾಡಿದ ಪುಟ್ಟ ಮಾರ್ಚ್ ಅದು. ಕುಂಪರ್ಸಿತಾ ಅಂದರೆ ‘ಚಿಕ್ಕ ಮೆರವಣಿಗೆ’. ಇದು ಗೊತ್ತಾದ ಮೇಲೆ ಆ ಮೊದಲ ಸ್ವರಗಳನ್ನು ಮತ್ತೆ ಕೇಳಿ ನೋಡಿ. ಹೆಜ್ಜೆ ಹಾಕುತ್ತಾ ಬರುವ ಹುಡುಗರ ಗುಂಪು ಕಾಣುತ್ತದೆ.

ಆ ಮಾರ್ಚ್ ಟ್ಯಾಂಗೊ ಆಗಿದ್ದು ರೊಬೆರ್ತೊ ಫಿರ್ಪೊ ಕೈಯಲ್ಲಿ. ಆತ ಆಗ ಮೊಂತೆವಿದೇಯೊದ ಲಾ ಹಿರಾಲ್ದಾ ಕೆಫೆಯಲ್ಲಿ ತನ್ನ ತಂಡದ ಜೊತೆ ಪಿಯಾನೊ ನುಡಿಸುತ್ತಿದ್ದ. ಹುಡುಗರು ತಂದ ಹಾಳೆಯನ್ನು ತೆಗೆದುಕೊಂಡು ತನ್ನದೇ ಹಳೆಯ ರಾಗಗಳ ತುಂಡುಗಳನ್ನು ಸೇರಿಸಿದೆ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಅವನ ಮೊದಲ ಮುದ್ರಣ ಮೈಕ್ ಬರುವುದಕ್ಕೂ ಮುಂಚಿನದು. ವಾದ್ಯದವರೆಲ್ಲ ಒಂದು ದೊಡ್ಡ ಕೊಳವೆಯ ಮುಂದೆ ಒತ್ತಾಗಿ ಕೂತು ನುಡಿಸುತ್ತಿದ್ದ ಕಾಲ. ಗರಗರ ಸದ್ದು ಜಾಸ್ತಿ. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ಐದನೆಯ ಸಲ ಕೇಳುವಾಗ ಗರಗರ ಹಿಂದೆ ಸರಿದು ಹೆಜ್ಜೆ ಮುಂದೆ ಬಂತು. ಇವತ್ತಿಗೂ ಹೊಸಬರಿಗೆ ನಾನು ಹೇಳುವುದು ಇದನ್ನೇ: ಹಳೆಯ ತಟ್ಟೆಗೆ ಐದು ಸಲ ಅವಕಾಶ ಕೊಡಿ.

ಆ ಹುಡುಗ ಮಾತೋಸ್ ಹಾಡಿನ ಹಕ್ಕನ್ನು ಸ್ವಲ್ಪ ದುಡ್ಡಿಗೆ ಬ್ರೇಯರ್ ಅನ್ನುವ ಪ್ರಕಾಶಕರಿಗೆ ಮಾರಿಬಿಟ್ಟ. ಆ ದುಡ್ಡು ಕುದುರೆ ಜೂಜಿಗೆ ಹೋಯಿತು ಅನ್ನುತ್ತಾರೆ. ಅಲ್ಲಿಗೆ ಹಾಡು ತಣ್ಣಗಾಯಿತು.

ಅದನ್ನು ಎಬ್ಬಿಸಿದವನು ಪಾಸ್ಕುವಾಲ್ ಕೊಂತುರ್ಸಿ. ಈ ಮನುಷ್ಯನ ಹೆಸರಿಗೆ ನನ್ನ ನೋಟ್‌ಬುಕ್‌ನಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಮಾತಿಲ್ಲದ ಟ್ಯಾಂಗೊ ಕೇಳಿದರೆ ಅದಕ್ಕೆ ಪದ ಕಟ್ಟುವುದು ಇವನ ರೂಢಿ. ಸಮುವೆಲ್ ಕಸ್ತ್ರಿಯೋತನ ‘ಲಿತಾ’ ಅನ್ನುವ ರಾಗಕ್ಕೆ ಹಾಗೆಯೇ ಪದ ಕಟ್ಟಿದ. ಅದೇ ‘ಮಿ ನೋಚೆ ತ್ರಿಸ್ತೆ’, ನನ್ನ ದುಃಖದ ರಾತ್ರಿ. 1917ರಲ್ಲಿ ಗಾಯಕ ಕಾರ್ಲೋಸ್ ಗಾರ್ದೆಲ್ ಅದನ್ನು ತಟ್ಟೆಗೆ ಹಾಡಿದ. ಟ್ಯಾಂಗೊ ಅನ್ನುವುದು ಹಾಡಿ ಕಥೆ ಹೇಳುವ ಪದ್ಧತಿ ಆಗಿದ್ದು ಅಲ್ಲಿಂದ. ಅದರ ಮೊದಲ ಸಾಲಿನಲ್ಲೇ ನಾನು ಸಿಕ್ಕಿಬಿದ್ದೆ. ‘ಅಮುರಾಸ್ತೆ’ ಅನ್ನುವ ಕ್ರಿಯಾಪದವನ್ನು ಸ್ಪ್ಯಾನಿಷ್ ನಿಘಂಟಿನಲ್ಲಿ ಹುಡುಕಿದರೆ ಹಡಗಿನ ಹಾಯಿ ಕಟ್ಟುವುದು ಅಂತ ಅರ್ಥ ಬಂತು. ಪ್ರೇಮದ ಹಾಡಿನಲ್ಲಿ ಹಾಯಿ ಎಲ್ಲಿಂದ ಬಂತು? ಎರಡು ದಿನ ತಲೆ ಕೆಡಿಸಿಕೊಂಡೆ. ಅದು ಲುನ್ಫಾರ್ದೊ, ಬ್ಯೂನಸ್ ಐರಿಸ್‌ನ ಬೀದಿಮಾತು. ಅಲ್ಲಿ ಅದರ ಅರ್ಥ ‘ನೀನು ಕೈಬಿಟ್ಟೆ’. ಆಮೇಲಿಂದ ಲುನ್ಫಾರ್ದೊ ಪದಗಳಿಗೆ ನೋಟ್‌ಬುಕ್‌ನ ಹಿಂದಿನ ಪುಟಗಳನ್ನು ಬಿಟ್ಟಿದ್ದೇನೆ.

1924ರಲ್ಲಿ ಕೊಂತುರ್ಸಿ, ಎನ್ರಿಕೆ ಮರೋನಿ ಸೇರಿ ತಮ್ಮ ನಾಟಕವೊಂದಕ್ಕೆ ಕುಂಪರ್ಸಿತಾವನ್ನು ಎತ್ತಿಕೊಂಡು ಪದ ಹಾಕಿದರು. ಹೆಸರೂ ಬದಲಾಯಿತು: ‘ಸಿ ಸುಪಿಯೆರಾಸ್’, ನಿನಗೆ ಗೊತ್ತಿದ್ದರೆ. ರಾಗ ಮಾಡಿದವನನ್ನು ಕೇಳಲಿಲ್ಲ. ಅದೇ ವರ್ಷ ಗಾರ್ದೆಲ್ ಹಾಡಿದ. ನಾನು ಮೊದಲು ಕೇಳಿದ ಅಳುವ ಹಾಡು ಅದೇ! ಗಾರ್ದೆಲ್ ದನಿ ಬಂದ ಕೂಡಲೇ ಮೆರವಣಿಗೆ ಹಿಂದೆ ಸರಿಯುತ್ತದೆ, ಖಾಲಿ ಕೋಣೆಯಲ್ಲಿ ಕೂತ ಒಬ್ಬ ಮನುಷ್ಯ ಮುಂದೆ ಬರುತ್ತಾನೆ. ಅವಳು ಹೋದಳು, ಗೆಳೆಯರೂ ಬರುವುದಿಲ್ಲ. ಒಂದು ಪುಟ್ಟ ನಾಯಿ ಇತ್ತು. ಅವಳಿಲ್ಲ ಅಂತ ಅದು ಊಟ ಬಿಟ್ಟಿತ್ತು. ಮೊನ್ನೆ ಇವನೊಬ್ಬನೇ ಇರುವುದನ್ನು ನೋಡಿ ಅದೂ ಬಿಟ್ಟು ಹೋಯಿತು. ಇಷ್ಟೇ ಪದ. ನಾಯಿ ಊಟ ಬಿಟ್ಟ ಸಾಲು ಬರೆಯಲು ಎಷ್ಟು ಮನೆಗಳನ್ನು ಹತ್ತಿರದಿಂದ ನೋಡಿರಬೇಕು, ಅಲ್ವಾ?

ಮಾತೋಸ್ ಆಗ ಪ್ಯಾರಿಸ್‌ನಲ್ಲಿದ್ದ. ನಿನ್ನ ಹಾಡು ಹೊಸ ಹೆಸರಲ್ಲಿ ಎಲ್ಲ ಕಡೆ ಓಡುತ್ತಿದೆ ಅಂತ ಅವನಿಗೆ ಹೇಳಿದವನು ಆರ್ಕೆಸ್ಟ್ರಾ ಮುಖ್ಯಸ್ಥ ಫ್ರಾನ್ಸಿಸ್ಕೊ ಕನಾರೊ. ಅಲ್ಲಿಂದ ಶುರುವಾದ ಜಗಳ ಇಪ್ಪತ್ತು ವರ್ಷಕ್ಕೂ ಮೀರಿ ಎಳೆಯಿತು. ಮಾತೋಸ್ ತೀರಿಕೊಂಡಿದ್ದು 1948ರಲ್ಲಿ. ಅದೇ ವರ್ಷ ಪಂಚಾಯಿತಿ ಮುಗಿಯಿತು. ರಾಯಧನದಲ್ಲಿ ನೂರಕ್ಕೆ 80 ಮಾತೋಸ್ ಕಡೆಗೆ, 20 ಪದ ಬರೆದವರ ಕಡೆಗೆ. ತೀರ್ಪು ಕೊಟ್ಟ ಹಿರಿಯ ಯಾರು ಅಂದರೆ, ಪ್ಯಾರಿಸ್‌ನಲ್ಲಿ ಸುದ್ದಿ ಮುಟ್ಟಿಸಿದ ಅದೇ ಕನಾರೊ. ಈ ಹಂಚಿಕೆ ನನಗೆ ಸರಿ ಅನ್ನಿಸುತ್ತದೆ. ಕೇಳದೆ ಪದ ಹಾಕಿದ್ದು ತಪ್ಪು. ಆದರೆ ಆ ಪದ ಇಲ್ಲದಿದ್ದರೆ ಹಂಚಿಕೊಳ್ಳಲು ರಾಯಧನವೇ ಇರುತ್ತಿರಲಿಲ್ಲ.

ಇನ್ನು ಕಾಲು ಎಳೆದ ರೆಕಾರ್ಡಿಂಗ್. ಅದು ಹುವಾನ್ ದಾರಿಯೆನ್ಸೊ ತಂಡದ್ದು. ಆತ ಇದನ್ನು 1928, 1937, 1943, 1951, ಹೀಗೆ ಬಿಡದೆ ಮುದ್ರಿಸುತ್ತಲೇ ಹೋದ. 1937ರದ್ದರಲ್ಲಿ ರೊದೋಲ್ಫೊ ಬಿಯಾಜಿಯ ಪಿಯಾನೊ ಇದೆ. ಸಾಲು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವನ ಬೆರಳು ಚಟಚಟ ಅಂತ ನುಗ್ಗುತ್ತದೆ. ನಾನು ಕುಣಿಯುವುದು ಹೆಚ್ಚಾಗಿ 1951ರದ್ದಕ್ಕೆ. ತಂಡವೆಲ್ಲ ಒಟ್ಟಿಗೆ ನೆಲಕ್ಕೆ ಮೊಳೆ ಹೊಡೆದ ಹಾಗೆ ತಾಳ ಹೊಡೆಯುತ್ತದೆ. ಕೊನೆಗೆ ಬಂದೋನಿಯೋನ್‌ಗಳು ಒಂದೇ ಉಸಿರಿಗೆ ಓಡುತ್ತವೆ. ಪದವಿಲ್ಲ, ನಾಯಿಯಿಲ್ಲ, ಅಳುವಿಲ್ಲ. ಕಾರ್ನಿವಲ್ ಹುಡುಗರ ಮೆರವಣಿಗೆ ವಾಪಸು ಬಂದಿದೆ.

ಬಂದೋನಿಯೋನ್ ಅಂದರೆ ನಮ್ಮ ಹಾರ್ಮೋನಿಯಂನ ದೂರದ ನೆಂಟ. ಅದರಲ್ಲೂ ಗಾಳಿಯೇ ರೀಡ್ ಅನ್ನು ಮಿಡಿಯುವುದು. ಆದರೆ ಎರಡೂ ಕೈಗೆ ಗುಂಡಿಗಳು. ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಅದೇ ಗುಂಡಿಗೆ ಇನ್ನೊಂದು. ಇದನ್ನು ಹತ್ತಿರದಿಂದ ಕೇಳಬೇಕು ಅಂತ ಕುಂಪರ್ಸಿತಾ ಮುಗಿದ ಮೇಲೆ ಬಂದೋನಿಯೋನ್ ವಾದಕ ಆಸ್ತೊರ್ ಪಿಯಾಸೊಲಾನ ‘ಅದಿಯೋಸ್ ನೋನಿನೊ’ ಹಿಡಿದೆ. ಅವನ ಮಕ್ಕಳು ಅಜ್ಜನನ್ನು ಕರೆಯುತ್ತಿದ್ದ ಹೆಸರು ನೋನಿನೊ. ಪಿಯಾಸೊಲಾ ಚಿಕ್ಕವನಿದ್ದಾಗ ನ್ಯೂಯಾರ್ಕ್‌ನ ಗಿರವಿ ಅಂಗಡಿಯಿಂದ ಬಂದೋನಿಯೋನ್ ತಂದುಕೊಟ್ಟವನು ಇದೇ ಅಪ್ಪ. 1959ರ ಅಕ್ಟೋಬರ್‌ನಲ್ಲಿ ಪೋರ್ಟೊ ರಿಕೊದಲ್ಲಿ ಕಾರ್ಯಕ್ರಮ ಕೊಡುತ್ತಿದ್ದಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ನ್ಯೂಯಾರ್ಕ್ ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತ. 1954ರಲ್ಲಿ ಅಪ್ಪನ ಹೆಸರಲ್ಲೇ ಮಾಡಿದ್ದ ‘ನೋನಿನೊ’ ಟ್ಯಾಂಗೊದ ತಾಳದ ಭಾಗವನ್ನು ಉಳಿಸಿಕೊಂಡು ಉದ್ದ ಸ್ವರಗಳ ಹೊಸ ರಾಗವನ್ನು ಸೇರಿಸಿದ. ಈ ಹಾಡಿನ ಪುಟದಲ್ಲಿ ‘ಕೇಳಿದಾಗ ಅನ್ನಿಸಿದ್ದು’ ಜಾಗ ಇನ್ನೂ ಖಾಲಿ ಇದೆ. ಬರೆಯಲು ಕೂತಾಗಲೆಲ್ಲ ನನ್ನ ಅಪ್ಪ ನೆನಪಾಗುತ್ತಾರೆ.

ಕಳೆದ ತಿಂಗಳು ಮನೆಯಲ್ಲಿ ನಾಲ್ಕೈದು ಜನ ಸೇರಿದ್ದೆವು. ಫಿರ್ಪೊ, ಗಾರ್ದೆಲ್, ದಾರಿಯೆನ್ಸೊ, ವರ್ಷದ ಪ್ರಕಾರವೇ ಹಾಕಿದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಗಾರ್ದೆಲ್ ಪದಗಳನ್ನು ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಮ್ಮನ ಕೈ ನಿಂತಿತು.

“ನಾಯೀನೂ ಬಿಟ್ಟು ಹೋಯ್ತಾ?”

ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಹಾಕು ಅಂದರು.