ಡಿಲೇ ಹಾಕಿ ರೇಸ್ ಹಿಡಿದದ್ದು: ಕರ್ನಲ್ ಪ್ಯಾಚ್ ರಿವ್ಯೂನಲ್ಲಿ ನನ್ನ ಅನುಭವ

ಕರ್ನಲ್ ಪ್ಯಾಚ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನಲ್ಲಿಗೆ ಮಾಡುವ ಬದಲಾವಣೆ) ರಿವ್ಯೂಗೆ ಬಂದಾಗ, ಅದರಲ್ಲಿ ಲಾಕ್ (ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಮಾಡುವ ಬೀಗ) ಹಿಡಿಯದೆ ಬಿಟ್ಟಿರುವ ಪ್ರತಿಯೊಂದು ಸಂದಿನಲ್ಲಿಯೂ ಬೇಕೆಂದೇ ಹತ್ತಿಪ್ಪತ್ತು ಮಿಲಿಸೆಕೆಂಡುಗಳ ಡಿಲೇ ಹಾಕಿ, ಆ ಕರ್ನಲ್ಲನ್ನು ಲೋಡ್ ಕೊಟ್ಟು ಓಡಿಸಿ ನೋಡುವುದು ಈಗ ನನ್ನ ಪದ್ಧತಿ. ಎರಡು ಕೆಲಸಗಳು ಒಂದೇ ಮೆಮೊರಿಯನ್ನು ಕ್ರಮವಿಲ್ಲದೆ ಮುಟ್ಟುವ ‘ರೇಸ್’ ಎಂಬ ತಪ್ಪು ಆಗ ಬಯಲಾಗುತ್ತದೆ. ಇದನ್ನು ಮೊದಲು ನಮ್ಮ ತಂಡದ ಮುಂದಿಟ್ಟಾಗ ಹಿರಿಯರು ಒಪ್ಪಲಿಲ್ಲ, ಕಿರಿಯರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಪೀಣ್ಯದ ಗ್ರಾಹಕರೊಬ್ಬರ ಯಂತ್ರಗಳನ್ನು ನಾಲ್ಕೈದು ತಿಂಗಳು ಕಾಡಿದ ಕ್ರ್ಯಾಶ್ ಒಂದು ಇದೇ ಪದ್ಧತಿಯಿಂದ ಸಿಕ್ಕಿಬಿದ್ದ ಮೇಲೆ ಪರಿಸ್ಥಿತಿ ಬದಲಾಯಿತು. ಡ್ರೈವರ್ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ಅದರ ವಿವರಗಳನ್ನು ಬರೆಯುತ್ತಿದ್ದೇನೆ. ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಸಂಕೇತ), ಸ್ಪಿನ್‌ಲಾಕ್ ಮುಂತಾದವನ್ನು ಇಲ್ಲಿ ವಿಸ್ತಾರವಾಗಿ ವಿವರಿಸುವುದಿಲ್ಲ.

ಗ್ರಾಹಕರದು ಲೋಹದ ಬಿಡಿಭಾಗಗಳನ್ನು ಕ್ಯಾಮೆರಾದಿಂದ ಪರೀಕ್ಷಿಸುವ ಘಟಕ. ಅಲ್ಲಿ ಸುಮಾರು ನಲವತ್ತು ಇಂಡಸ್ಟ್ರಿಯಲ್ ಪಿಸಿಗಳಿದ್ದು, ಎಲ್ಲದರಲ್ಲೂ 5.10 ಕರ್ನಲ್ ಮತ್ತು ಎಂಎಸ್‌ಐ (ಕಾರ್ಡಿಗೆ ತನ್ನದೇ ಇಂಟರಪ್ಟ್ ಕೊಡುವ) ಸೌಲಭ್ಯವಿಲ್ಲದ ಹಳೆಯ ಮಾದರಿಯ ಪಿಸಿಐ ಕ್ಯಾಮೆರಾ ಕಾರ್ಡ್ ಇದ್ದವು. ಬ್ಯಾಚ್ ಬದಲಾದಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ಕಾಲು ಗಂಟೆಗೊಮ್ಮೆ, ಒಂದು ಸ್ಕ್ರಿಪ್ಟ್ ಆ ಕಾರ್ಡಿನ ಡ್ರೈವರನ್ನು ಅನ್‌ಬೈಂಡ್ ಮಾಡಿ (ಕಾರ್ಡಿನಿಂದ ಬಿಡಿಸಿ) ಮತ್ತೆ ಬೈಂಡ್ ಮಾಡುತ್ತಿತ್ತು. ಎರಡು ಮೂರು ದಿನಕ್ಕೊಮ್ಮೆ ನಲವತ್ತರಲ್ಲಿ ಯಾವುದಾದರೂ ಒಂದು ಯಂತ್ರ ಬೀಳುತ್ತಿತ್ತು. ಬಿದ್ದಾಗ ಸಿಗುತ್ತಿದ್ದ ಸ್ಟ್ಯಾಕ್ (ಆಗ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿ) ಒಮ್ಮೆ ಫೈಲ್ ಸಿಸ್ಟಮ್ಮಿನದು, ಇನ್ನೊಮ್ಮೆ ನೆಟ್‌ವರ್ಕಿನದು, ಮತ್ತೊಮ್ಮೆ ಯಾವುದಕ್ಕೂ ಸಂಬಂಧವಿಲ್ಲದ್ದು. ಬಿಡುಗಡೆಯಾದ ಮೆಮೊರಿಯನ್ನು 6ಬಿ ಬೈಟುಗಳಿಂದ ತುಂಬುವ ಸ್ಲಬ್ ಡೀಬಗ್‌ನ ಪಾಯ್ಸನ್ ಆಯ್ಕೆಯನ್ನು ಬೂಟ್ ಸಾಲಿಗೆ ಸೇರಿಸಿ ಕೆಲವು ಯಂತ್ರಗಳನ್ನು ಬಿಟ್ಟ ಮೇಲೆ ಒಂದು ಸುಳಿವು ದೊರೆಯಿತು: ಬಿದ್ದ ವಿಳಾಸದ ತುಂಬ 6ಬಿ ಬೈಟುಗಳು. ಬಿಡುಗಡೆಯಾದ ಮೆಮೊರಿಯನ್ನು ಯಾರೋ ಮುಟ್ಟುತ್ತಿದ್ದಾರೆ ಎಂಬುದು ಅದರಿಂದ ಖಚಿತವಾಯಿತು. ಯಾರು, ಯಾವಾಗ ಎಂಬುದು ಮಾತ್ರ ತಿಳಿಯಲಿಲ್ಲ.

ಇಲ್ಲಿಂದ ಮುಂದೆ ಹಣ ಹರಿದ ಕಥೆ. ಮೊದಲು ಕ್ಯೂಎಮು ಎಂಬ ವರ್ಚುವಲ್ ಯಂತ್ರದ ಮೇಲೆ ಕಾಸಾನ್ (ಮೆಮೊರಿಯ ತಪ್ಪು ಹಿಡಿಯುವ ಸಾಧನ) ಹಾಕಿದ ಕರ್ನಲ್ಲನ್ನು ರಾತ್ರಿಗಟ್ಟಲೆ ಓಡಿಸಿದೆವು. ಕಾಸಾನ್ ಮೆಮೊರಿಯ ಎಂಟನೇ ಒಂದು ಭಾಗವನ್ನು ತನ್ನ ನೆರಳು ಲೆಕ್ಕಕ್ಕೆಂದು ತೆಗೆದುಕೊಂಡು ಪ್ರತಿಯೊಂದು ಓದನ್ನೂ ಬರಹವನ್ನೂ ತನಿಖೆ ಮಾಡುತ್ತದೆ, ಆದರೆ ನಡೆಯದೇ ಇರುವ ತಪ್ಪನ್ನು ಅದು ತೋರಿಸಲಾರದು. ಬಾಡಿಗೆಯ ಕ್ಲೌಡ್ ಯಂತ್ರಗಳಿಗೆ ಎರಡು ತಿಂಗಳಲ್ಲಿ ಮೂವತ್ತು ಸಾವಿರದ ಆಸುಪಾಸು ಹೋಯಿತು, ಒಂದೇ ಒಂದು ವರದಿಯೂ ಬರಲಿಲ್ಲ. ನಂತರ ಹಾರ್ಡ್‌ವೇರ್ ಡೀಬಗರ್ ಒಂದನ್ನು ತಿಂಗಳ ಬಾಡಿಗೆಗೆ ತಂದರು. ಅದರ ಬಾಡಿಗೆ ಒಬ್ಬ ಹೊಸ ಎಂಜಿನಿಯರನ ಸಂಬಳಕ್ಕಿಂತ ಹೆಚ್ಚಿತ್ತು. ಅದು ಬ್ರೇಕ್‌ಪಾಯಿಂಟಿನಲ್ಲಿ ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ನಿಲ್ಲಿಸುತ್ತದೆಯಾದ್ದರಿಂದ, ಕೋರ್‌ಗಳ ನಡುವಿನ ಓಟದಲ್ಲಿ ಹುಟ್ಟುವ ತಪ್ಪು ಅದರ ಎದುರು ಹುಟ್ಟಲೇ ಇಲ್ಲ. ಕೊನೆಗೆ ನಾನು ಹಟ ಹಿಡಿದು ಎಸ್‌ಪಿ ರೋಡಿನಲ್ಲಿ ಎರಡು ಮೂರು ದಿನ ಅಲೆದು, ಗ್ರಾಹಕರಲ್ಲಿದ್ದ ಮಾದರಿಯ ಹಳೆಯ ಪಿಸಿಯನ್ನೂ ಅದರ ಪಕ್ಕದ ಸ್ಲಾಟಿನಲ್ಲಿದ್ದಂಥದೇ ಐ/ಒ ಕಾರ್ಡನ್ನೂ ಹುಡುಕಿ ತಂದೆ. ಎರಡಕ್ಕೂ ಸೇರಿ ಹದಿನೆಂಟು ಸಾವಿರದೊಳಗೆ ಮುಗಿಯಿತು. ಆ ಐ/ಒ ಕಾರ್ಡ್ ಕ್ಯಾಮೆರಾ ಕಾರ್ಡಿನೊಂದಿಗೆ ಒಂದೇ ಇಂಟರಪ್ಟ್ ಲೈನನ್ನು ಹಂಚಿಕೊಳ್ಳುತ್ತಿತ್ತು. ನಮ್ಮ ಪ್ರಯೋಗಾಲಯದ ಯಾವ ಯಂತ್ರದಲ್ಲಿಯೂ ಆ ಹಂಚಿಕೆ ಇರಲಿಲ್ಲ, ಕ್ಯೂಎಮುವಿನಲ್ಲಂತೂ ಇರಲೇ ಇಲ್ಲ.

ಮೂರು ಸೆಕೆಂಡಿಗೊಮ್ಮೆ ಅನ್‌ಬೈಂಡ್ ಮತ್ತು ಬೈಂಡ್ ಮಾಡುವ ಲೂಪ್ ಹಾಕಿದಾಗ, ಈ ಪಿಸಿ ಸರಾಸರಿ ಎಂಟೊಂಬತ್ತು ಗಂಟೆಗೊಮ್ಮೆ ಬಿತ್ತು. ಎಲ್ಲರಿಗೂ ಸಂತೋಷವಾಗಿ ಗಿಟ್ ಬೈಸೆಕ್ಟ್ (ಕಮಿಟ್‌ಗಳನ್ನು, ಅಂದರೆ ದಾಖಲಾದ ಬದಲಾವಣೆಗಳನ್ನು, ಅರ್ಧರ್ಧ ಮಾಡುತ್ತ ತಪ್ಪು ತಂದದ್ದನ್ನು ಹುಡುಕುವುದು) ಆರಂಭಿಸಿದರು. ಹಿಂದಿನ ಒಳ್ಳೆಯ ಬಿಡುಗಡೆಗೂ ಈಗಿನದಕ್ಕೂ ನಡುವೆ ಆರುನೂರರಷ್ಟು ಕಮಿಟ್‌ಗಳಿದ್ದವು, ಅಂದರೆ ಹತ್ತು ಹೆಜ್ಜೆ. ಪ್ರತಿ ಹೆಜ್ಜೆಗೂ ಒಂದು ರಾತ್ರಿ ಸಾಕು ಎಂಬುದು ತಂಡದ ನಿರ್ಧಾರ. ನಾನು ಅಲ್ಲಿಯೇ ಆಕ್ಷೇಪ ಎತ್ತಿದೆ. ಸರಾಸರಿ ಒಂಬತ್ತು ಗಂಟೆಗೆ ಬೀಳುವ ಯಂತ್ರ ಹನ್ನೆರಡು ಗಂಟೆ ಬೀಳದೆ ಉಳಿಯುವ ಸಾಧ್ಯತೆ ಹತ್ತರಲ್ಲಿ ಎರಡೂವರೆಗಿಂತ ಹೆಚ್ಚು. ಆ ಒಂದು ರಾತ್ರಿಯ ಮೇಲೆ ‘ಒಳ್ಳೆಯದು’ ಎಂದು ಗುರುತು ಹಾಕಿದರೆ, ಬೈಸೆಕ್ಟ್ ಅಲ್ಲಿಂದ ಮುಂದೆ ನಮ್ಮನ್ನು ತಪ್ಪು ಅರ್ಧಕ್ಕೆ ಕಳುಹಿಸುತ್ತದೆ, ಹಾಗೂ ತಾನು ದಾರಿ ತಪ್ಪಿದ್ದೇನೆಂದು ಎಂದೂ ಹೇಳುವುದಿಲ್ಲ. ನೂರಕ್ಕೆ ತೊಂಬತ್ತೈದರಷ್ಟು ಭರವಸೆ ಬೇಕಾದರೆ ಸರಾಸರಿಯ ಮೂರು ಪಟ್ಟು ಕಾಯಬೇಕು, ಅದು ಒಂದು ದಿನಕ್ಕೂ ಮಿಕ್ಕಿದ್ದು. ಬೈಸೆಕ್ಟ್ ಕೊನೆಗೆ ಬಫರ್ ಗಾತ್ರ ಬದಲಿಸಿದ ಒಂದು ನಿರಪರಾಧಿ ಕಮಿಟ್ಟಿನ ಮೇಲೆ ಬೆರಳಿಟ್ಟಿತು, ಅದನ್ನು ಹಿಂತೆಗೆದರೂ ಯಂತ್ರ ಬೀಳುವುದು ನಿಲ್ಲಲಿಲ್ಲ.

ದಾರಿ ತೋರಿಸಿದ್ದು ಒಂದು ಪ್ರಿಂಟ್‌ಕೆ (ಕರ್ನಲ್ಲಿನಿಂದ ಸಂದೇಶ ಬರೆಸುವ) ಸಾಲು. ಅನ್‌ಬೈಂಡ್ ಆಗುವಾಗ ಓಡುವ ಡ್ರೈವರಿನ ರಿಮೂವ್ ಫಂಕ್ಷನ್ನಿನ ಕೊನೆಯಲ್ಲಿ, ರಿಂಗನ್ನು (ಡ್ರೈವರಿನ ಬಫರ್ ಮೆಮೊರಿ) ಕೆಫ್ರೀ ಬಿಡುಗಡೆ ಮಾಡಿದ ಬಳಿಕ, ‘ರಿಂಗ್ ಬಿಡುಗಡೆಯಾಯಿತು’ ಎಂಬರ್ಥದ ಉದ್ದನೆಯ ಸಾಲೊಂದನ್ನು ಸೀರಿಯಲ್ ಕನ್ಸೋಲಿಗೆ ಬರೆಸಿದಾಗ, ಎಂಟೊಂಬತ್ತು ಗಂಟೆಗೆ ಬೀಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಬಿತ್ತು. ಪ್ರಿಂಟ್‌ಕೆ ಹಾಕಿದರೆ ಬಗ್ ಮಾಯವಾಗುತ್ತದೆ ಎಂದು ಎಲ್ಲರೂ ಗೊಣಗುತ್ತೇವೆ, ಆದರೆ ಬಗ್ ಹೆಚ್ಚಾದರೆ ಅದು ಎಂಥ ಉಡುಗೊರೆ ಎಂಬುದನ್ನು ಯೋಚಿಸುವುದಿಲ್ಲ. 1,15,200 ಬಾಡ್ ವೇಗದ ಸೀರಿಯಲ್ ಲೈನು ಸೆಕೆಂಡಿಗೆ ಹನ್ನೊಂದೂವರೆ ಸಾವಿರ ಅಕ್ಷರ ಕಳುಹಿಸುತ್ತದೆ, ಎಂಬತ್ತು ಅಕ್ಷರದ ಸಾಲಿಗೆ ಏಳು ಮಿಲಿಸೆಕೆಂಡು ಹಿಡಿಯುತ್ತದೆ. ಅದೇ ಸಾಲನ್ನು ಟ್ರೇಸ್ ಪ್ರಿಂಟ್‌ಕೆಗೆ ಬದಲಿಸಿ, ಸೀರಿಯಲ್ ಲೈನಿಗಲ್ಲದೆ ಮೆಮೊರಿಯಲ್ಲಿನ ಟ್ರೇಸ್ ಬಫರಿಗೆ ಬೇಗನೆ ಬರೆಸಿದಾಗ ಪರಿಸ್ಥಿತಿ ಮೊದಲಿನ ಎಂಟೊಂಬತ್ತು ಗಂಟೆಗೆ ಮರಳಿತು. ಹಾಗಾಗಿ ಯಂತ್ರವನ್ನು ಬೀಳಿಸಿದ್ದು ಸಂದೇಶವಲ್ಲ, ಅದು ತಿಂದ ಏಳು ಮಿಲಿಸೆಕೆಂಡು. ಪ್ರಿಂಟ್‌ಕೆ ತೆಗೆದು ಅಲ್ಲಿ ಇಪ್ಪತ್ತು ಮಿಲಿಸೆಕೆಂಡಿನ ಎಂಡಿಲೇ (ಕೋರನ್ನು ಸುಮ್ಮನೆ ಕಾಯಿಸುವ ಫಂಕ್ಷನ್) ಹಾಕಿದೆ, ಎರಡು ಮೂರು ಸುತ್ತಿನಲ್ಲಿ ಬಿತ್ತು.

ಇದನ್ನು ತೋರಿಸಿದಾಗ ತಂಡದ ಹಿರಿಯರೊಬ್ಬರು, ‘ನೀವು ಹಾಕಿದ ಡಿಲೇನೇ ತಪ್ಪನ್ನು ಹುಟ್ಟಿಸ್ತಾ ಇದೆ, ಗ್ರಾಹಕರ ಹತ್ತಿರ ಆ ಡಿಲೇ ಎಲ್ಲಿದೆ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸರಿಯಾಗಿ ಬರೆದ ಕರ್ನಲ್ ಕೋಡ್ ತನ್ನ ಎರಡು ಸಾಲುಗಳ ನಡುವೆ ಎಷ್ಟು ಹೊತ್ತು ಕಳೆಯುತ್ತದೆ ಎಂಬುದನ್ನು ನಂಬಿ ಬದುಕುವಂತಿಲ್ಲ ಎಂಬುದು ನನ್ನ ಉತ್ತರ. ಬೇರೊಂದು ಇಂಟರಪ್ಟ್, ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್, ವರ್ಚುವಲ್ ಯಂತ್ರವಾದರೆ ಹೈಪರ್‌ವೈಸರ್ ಆ ಕೋರನ್ನೇ ಕಸಿದುಕೊಳ್ಳುವುದು, ಇವೆಲ್ಲವೂ ಆ ಸಂದಿನಲ್ಲಿ ಯಾವಾಗ ಬೇಕಾದರೂ ಬರಬಹುದು. 2020ರಲ್ಲಿ ಕರ್ನಲ್ 5.8ರೊಂದಿಗೆ ಬಂದ, ರೇಸ್ ಹುಡುಕುವ ಸಾಧನವಾದ ಕೆಸಿಸಾನ್ ಕೂಡ ಮೆಮೊರಿಯ ಮೇಲೆ ಕಾವಲಿಟ್ಟು, ಟಾಸ್ಕ್‌ಗಳಲ್ಲಿ ಎಂಬತ್ತು ಮೈಕ್ರೋಸೆಕೆಂಡು ಬೇಕೆಂದೇ ಕಾಯುತ್ತದೆ ಎಂಬುದನ್ನೂ ತೋರಿಸಿದೆ. ಆದರೂ ಅವರು ಒಪ್ಪಿದ್ದು ಲೆಕ್ಕ ಕಂಡ ಮೇಲೆಯೇ. ರಿಂಗ್ ಬಿಡುಗಡೆಯಾದ ನಂತರದ ಆ ಸಂದಿನ ಉದ್ದ ಐದಾರು ಮೈಕ್ರೋಸೆಕೆಂಡು, ಪಕ್ಕದ ಐ/ಒ ಕಾರ್ಡಿನಿಂದ ಸೆಕೆಂಡಿಗೆ ಇಪ್ಪತ್ತರಷ್ಟು ಇಂಟರಪ್ಟ್, ಅಂದರೆ ಒಂದು ಅನ್‌ಬೈಂಡ್‌ನಲ್ಲಿ ಅಪಘಾತದ ಸಾಧ್ಯತೆ ಸುಮಾರು ಹತ್ತು ಸಾವಿರಕ್ಕೆ ಒಂದು. ಮೂರು ಸೆಕೆಂಡಿನ ಲೂಪಿನಲ್ಲಿ ಅದು ಎಂಟು ಗಂಟೆಗೆ ಬರುತ್ತದೆ. ನಲವತ್ತು ಯಂತ್ರಗಳು ದಿನಕ್ಕೆ ನೂರರಂತೆ ಅನ್‌ಬೈಂಡ್ ಆದರೆ ಎರಡೂವರೆ ದಿನಕ್ಕೊಮ್ಮೆ ಒಂದು ಬೀಳಬೇಕು. ಪೀಣ್ಯದಲ್ಲಿ ಆಗುತ್ತಿದ್ದದ್ದು ಅದೇ.

ಈಗ ಬೈಸೆಕ್ಟ್ ರನ್ ಹಾಕಿದೆ. ಪ್ರತಿ ಹೆಜ್ಜೆಯಲ್ಲಿಯೂ ಸ್ಕ್ರಿಪ್ಟ್ ಡಿಲೇ ಪ್ಯಾಚನ್ನು ಅಂಟಿಸಿ, ಕಟ್ಟಿ, ಐದು ನಿಮಿಷ ಓಡಿಸಿ, ಮತ್ತೆ ಕಿತ್ತು ಹಾಕುತ್ತಿತ್ತು. ಊಟಕ್ಕೆ ಮೊದಲು ಆರಂಭಿಸಿದ್ದು ಸಂಜೆಯ ಕಾಫಿಯ ಹೊತ್ತಿಗೆ ಮುಗಿಯಿತು. ಸಿಕ್ಕಿದ್ದು ‘ಕ್ಲೀನಪ್’ ಎಂಬ ಶೀರ್ಷಿಕೆಯ ಪುಟ್ಟ ಕಮಿಟ್. ಇಂಟರಪ್ಟ್ ಹ್ಯಾಂಡ್ಲರನ್ನು ನೋಂದಾಯಿಸುವ ರಿಕ್ವೆಸ್ಟ್ ಐಆರ್‌ಕ್ಯೂವನ್ನು ಡೆವ್‌ಎಂ (ಬಿಡುಗಡೆಯನ್ನು ಕರ್ನಲ್ಲೇ ನೋಡಿಕೊಳ್ಳುವ) ರೂಪಕ್ಕೆ ಬದಲಿಸಿ, ರಿಮೂವ್‌ನಲ್ಲಿದ್ದ ಫ್ರೀ ಐಆರ್‌ಕ್ಯೂ ಸಾಲನ್ನು ಅಳಿಸಿದ್ದರು, ಆದರೆ ರಿಂಗನ್ನು ಕೈಯಿಂದ ಕೆಫ್ರೀ ಮಾಡುವ ಸಾಲನ್ನು ಹಾಗೆಯೇ ಬಿಟ್ಟಿದ್ದರು. ಡೆವ್‌ಎಂ ಸಂಪನ್ಮೂಲಗಳು ಬಿಡುಗಡೆಯಾಗುವುದು ರಿಮೂವ್ ಮುಗಿದ ಮೇಲೆ. ಹಾಗಾಗಿ ರಿಂಗ್ ಹೋದ ನಂತರವೂ ಹ್ಯಾಂಡ್ಲರ್ ಕೆಲ ಮೈಕ್ರೋಸೆಕೆಂಡು ಜೀವಂತವಾಗಿರುತ್ತದೆ, ಕ್ಯಾಮೆರಾ ಕಾರ್ಡ್ ಸುಮ್ಮನಿದ್ದರೂ ಪಕ್ಕದ ಕಾರ್ಡಿನ ಇಂಟರಪ್ಟಿಗೆ ಅದು ಓಡುತ್ತದೆ, ಓಡಿ ಬಿಡುಗಡೆಯಾದ ರಿಂಗನ್ನು ಮುಟ್ಟುತ್ತದೆ. ಆ ಕಮಿಟ್ಟಿನ ಕೆಳಗೆ ಮೂವರ ರಿವ್ಯೂ ಸಹಿ ಇತ್ತು. ಪರಿಹಾರಕ್ಕೆ ಬೇಕಾದದ್ದು ಎರಡು ಸಾಲು: ರಿಂಗನ್ನೂ ಡೆವ್‌ಎಂ ಮೂಲಕವೇ, ಐಆರ್‌ಕ್ಯೂಗಿಂತ ಮೊದಲು ಪಡೆಯಬೇಕು. ಡೆವ್‌ಎಂ ಪಡೆದ ಕ್ರಮಕ್ಕೆ ವಿರುದ್ಧವಾಗಿ ಬಿಡುಗಡೆ ಮಾಡುವುದರಿಂದ, ಐಆರ್‌ಕ್ಯೂ ಹೋದ ಮೇಲೆಯೇ ರಿಂಗ್ ಹೋಗುತ್ತದೆ.

ಡೀಬಗ್ ಎಸ್‌ಎಚ್‌ಐಆರ್‌ಕ್ಯೂ ಎಂಬ ಕಾನ್ಫಿಗ್ ಆಯ್ಕೆ ಇದ್ದಿದ್ದರೆ ಇದು ಮೊದಲೇ ಸಿಗುತ್ತಿತ್ತಲ್ಲ ಎಂದು ಬಲ್ಲವರು ಕೇಳುತ್ತಾರೆ. ನಿಜ, ಹಂಚಿಕೆಯ ಹ್ಯಾಂಡ್ಲರನ್ನು ತೆಗೆಯುವಾಗ ಅದು ಬೇಕೆಂದೇ ಒಮ್ಮೆ ಹ್ಯಾಂಡ್ಲರನ್ನು ಕರೆಯುತ್ತದೆ, ಈಗ ನಮ್ಮ ಎಲ್ಲ ಪರೀಕ್ಷಾ ಕರ್ನಲ್‌ಗಳಲ್ಲಿ ಅದು ಇದೆ. ಆದರೆ ಅದಕ್ಕೆ ಗೊತ್ತಿರುವುದು ಆ ಒಂದು ಸಂದು ಮಾತ್ರ. ಅದೇ ವಾರ ಅದೇ ಡ್ರೈವರಿನಲ್ಲಿ ನನ್ನ ಡಿಲೇ ಇನ್ನೊಂದನ್ನು ಹೊರಗೆಳೆಯಿತು: ಟೈಮರ್ ಒಂದು ವರ್ಕನ್ನು (ನಂತರ ಓಡಿಸುವ ಕೆಲಸ) ಸಾಲಿಗೆ ಹಚ್ಚುತ್ತದೆ, ಆ ವರ್ಕ್ ಮತ್ತೆ ಟೈಮರನ್ನು ಹೂಡುತ್ತದೆ. ರಿಮೂವ್‌ನಲ್ಲಿ ಟೈಮರನ್ನು ಅಳಿಸಿ ವರ್ಕನ್ನು ರದ್ದು ಮಾಡುವ ನಡುವೆ ವರ್ಕ್ ಓಡಿದರೆ ಟೈಮರ್ ಮತ್ತೆ ಜೀವ ಪಡೆಯುತ್ತದೆ. 2023ರ ಆರಂಭದಲ್ಲಿ ಬಂದ 6.2ರಲ್ಲಿ ಇಂಥದಕ್ಕೆಂದೇ, ಟೈಮರನ್ನು ಮತ್ತೆ ಹೂಡಲಾಗದಂತೆ ಮುಚ್ಚುವ ಟೈಮರ್ ಶಟ್‌ಡೌನ್ ಸಿಂಕ್ ಸೇರಿತು. ಗ್ರಾಹಕರ 5.10ರಲ್ಲಿ ಅದಿಲ್ಲದ ಕಾರಣ, ಮುಚ್ಚುತ್ತಿದ್ದೇವೆ ಎಂಬ ಫ್ಲ್ಯಾಗ್ ಒಂದನ್ನು ಲಾಕಿನಡಿ ಇಟ್ಟು ನಿಭಾಯಿಸಿದೆ.

ಈಗ ನಾನು ಪ್ಯಾಚನ್ನು ಮೇಲಿನಿಂದ ಕೆಳಗೆ ಓದುವುದಿಲ್ಲ. ಮೊದಲು ರಿಮೂವ್, ಆಮೇಲೆ ಬೈಂಡ್ ಆಗುವಾಗ ಓಡುವ ಪ್ರೋಬ್‌ನ ಎರರ್ ದಾರಿಗಳು, ಕೊನೆಗೆ ಸರಾಗವಾಗಿ ಓಡುವ ಭಾಗ. ಬರೆದವರೂ ಪರೀಕ್ಷಿಸಿದವರೂ ಸರಾಗ ಭಾಗವನ್ನು ಸಾವಿರ ಸಲ ಓಡಿಸಿರುತ್ತಾರೆ, ಮುಚ್ಚುವ ಭಾಗವನ್ನು ಹತ್ತು ಸಲವೂ ಓಡಿಸಿರುವುದಿಲ್ಲ. ಹಂಚಿಕೆಯ ಪ್ರತಿಯೊಂದು ವೇರಿಯಬಲ್ಲಿಗೂ ಕಾಗದದ ಮೇಲೆ ಒಂದು ಸಾಲು ಹಾಕಿ, ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಯಾವ ಲಾಕಿನಡಿ, ಪ್ರೋಸೆಸ್ಸಿನಲ್ಲೋ ಸಾಫ್ಟ್ ಐಆರ್‌ಕ್ಯೂನಲ್ಲೋ ಹಾರ್ಡ್ ಐಆರ್‌ಕ್ಯೂನಲ್ಲೋ (ಇಂಟರಪ್ಟಿನ ಸಂದರ್ಭಗಳು) ಎಂದು ತುಂಬುತ್ತೇನೆ. ಲಾಕಿನ ಕಾಲಂ ಖಾಲಿ ಉಳಿದ ಜಾಗವೇ ಡಿಲೇಗೆ ಜಾಗ. ದೊಡ್ಡ ಪ್ಯಾಚ್‌ನಲ್ಲಿ ಇಂಥವು ಮೂವತ್ತು ನಲವತ್ತು ಸಿಗುತ್ತವೆ. ಅವುಗಳಲ್ಲಿ ಯಾವುದಕ್ಕೆ ಮೊದಲು ಹಾಕಬೇಕೆಂದು ಆರಿಸಲು ನನ್ನದೇ ಒಂದು ಕ್ರಮವಿದೆ. ಡಿಲೇಯನ್ನು ಒಂದೇ ಕೋರಿಗೆ ಸೀಮಿತಗೊಳಿಸುವ ಉಪಾಯವೂ ಇದೆ. ಅವೆರಡನ್ನೂ ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ, ಅವುಗಳಿಂದಲೇ ನನಗೆ ಹೊರಗಿನ ಕೆಲಸ ಬರುತ್ತಿದೆ. ನಿದ್ರಿಸಬಾರದ ಅಟಾಮಿಕ್ ಜಾಗದಲ್ಲಿ ನಿದ್ರಿಸುವ ಎಂಸ್ಲೀಪ್ ಬೇಡ, ಎಂಡಿಲೇ ಮಾತ್ರ ಎಂಬುದು ಎಲ್ಲರಿಗೂ ಗೊತ್ತಿದೆ. ಐವತ್ತು ಮಿಲಿಸೆಕೆಂಡು ದಾಟಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ. ಕೋರ್ ಸಿಲುಕಿಕೊಂಡಿದೆ ಎಂದು ಕರ್ನಲ್ ಕೊಡುವ ಸಾಫ್ಟ್ ಲಾಕಪ್ ಎಚ್ಚರಿಕೆ ಮೂಲ ಸೆಟ್ಟಿಂಗಿನಲ್ಲಿ ಇಪ್ಪತ್ತು ಸೆಕೆಂಡಿಗೆ, ಆರ್‌ಸಿಯು ಸ್ಟಾಲ್ ಇಪ್ಪತ್ತೊಂದಕ್ಕೆ ಇರುವುದರಿಂದ ಆ ಕಡೆಯ ಭಯವಿಲ್ಲ.

ಪ್ರತಿ ಸಲ ಕರ್ನಲ್ ಕಟ್ಟುವುದನ್ನು ತಪ್ಪಿಸಲು ಓಡುತ್ತಿರುವ ಕರ್ನಲ್ಲಿಗೇ ಕೋಡ್ ಸೇರಿಸುವ ಕೆಪ್ರೋಬ್‌ನ ಹ್ಯಾಂಡ್ಲರಿನೊಳಗೆ ಎಂಡಿಲೇ ಹಾಕಿಯೂ ನೋಡಿದೆ. ಎರಡು ಕೋರ್‌ಗಳ ನಡುವಿನ ರೇಸಿಗೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಬ್ರೇಕ್‌ಪಾಯಿಂಟ್ ಮೂಲಕ ಬರುವ ಕೆಪ್ರೋಬ್ ಓಡುವಾಗ ಆ ಕೋರಿನಲ್ಲಿ ಇಂಟರಪ್ಟ್ ಮುಚ್ಚಿರುವುದರಿಂದ, ಅದೇ ಕೋರಿಗೆ ಇಂಟರಪ್ಟ್ ಬಂದು ಆಗುವ ಅಪಘಾತ ಕಾಣಲೇ ಇಲ್ಲ. ಇಂಥ ಕಡೆ ಕೋಡಿನಲ್ಲಿಯೇ ಬರೆಯುವುದು ಮೇಲು.

ಇನ್ನೊಂದು ಪ್ರಯೋಗದಲ್ಲಿ ಡಿಲೇ ಪೂರ್ತಿ ಸೋತಿತು, ಅದನ್ನೂ ಹೇಳಬೇಕು. ಬೇರೊಂದು ಪ್ಯಾಚ್‌ನಲ್ಲಿ ದತ್ತಾಂಶ ಬರೆದು ನಂತರ ರೆಡಿ ಫ್ಲ್ಯಾಗ್ ಎತ್ತುವಾಗ ನಡುವೆ ಬರಹಗಳ ಕ್ರಮ ಕಾಯುವ ಬ್ಯಾರಿಯರ್ ಇರಲಿಲ್ಲ. ಎಕ್ಸ್86 ಲ್ಯಾಪ್‌ಟಾಪಿನ ಕ್ಯೂಎಮುವಿನಲ್ಲಿ ಆರ್ಮ್ ಕರ್ನಲ್ ಓಡಿಸಿದಾಗ ಎಷ್ಟು ರಾತ್ರಿಯಾದರೂ ತಪ್ಪು ಕಾಣಲಿಲ್ಲ, ಏಕೆಂದರೆ ಕೆಳಗಿನ ಎಕ್ಸ್86 ಪ್ರೊಸೆಸರ್ ಒಂದರ ನಂತರ ಒಂದು ಬರಹವನ್ನು ಕ್ರಮ ತಪ್ಪಿಸಿ ತೋರಿಸುವುದಿಲ್ಲ. ಕಾರ್ಟೆಕ್ಸ್ ಎ72 ಇರುವ ರಾಸ್ಪ್‌ಬೆರಿ ಪೈ 4ರಲ್ಲಿ ಕೆಲವೇ ನಿಮಿಷಗಳಲ್ಲಿ ಕಂಡಿತು. ಆದರೆ ಎರಡು ಬರಹಗಳ ನಡುವೆ ಡಿಲೇ ಇಟ್ಟ ಕೂಡಲೇ ಅಲ್ಲಿಯೂ ಮಾಯವಾಯಿತು, ಏಕೆಂದರೆ ಆ ಹೊತ್ತಿನಲ್ಲಿ ಬರಹಗಳು ತಂಗುವ ಸ್ಟೋರ್ ಬಫರ್ ಖಾಲಿಯಾಗಿಬಿಡುತ್ತದೆ. ಇಂಥದಕ್ಕೆ ಕಾಗದದ ಪಟ್ಟಿಯೇ ಗತಿ: ಬರೆಯುವ ಕಡೆಯ ಸ್ಟೋರ್ ರಿಲೀಸಿಗೆ ಓದುವ ಕಡೆ ಲೋಡ್ ಅಕ್ವೈರ್ (ಇವೆರಡು ಕ್ರಮ ಕಾಯುವ ಜೋಡಿ) ಜೊತೆಯಾಗಿದೆಯೇ ಎಂದು ಒಂದೊಂದನ್ನೂ ಜೋಡಿಸಿ ನೋಡುತ್ತೇನೆ. ಸಂದೇಹ ಉಳಿದರೆ, 4.17ರಿಂದ ಕರ್ನಲ್ ಮರದಲ್ಲಿಯೇ ಇರುವ ಮೆಮೊರಿ ಮಾಡೆಲಿಗೆ (ಓದು ಬರಹಗಳ ಯಾವ ಕ್ರಮ ಸಾಧ್ಯ ಎಂಬ ನಿಯಮಗಳು) ಪುಟ್ಟ ಲಿಟ್ಮಸ್ ಪರೀಕ್ಷೆ ಬರೆದು ಹರ್ಡ್7 ಎಂಬ ಸಾಧನದಲ್ಲಿ ಓಡಿಸುತ್ತೇನೆ.

ಡಿಲೇ ಹಾಕಿದಾಗ ಬರುವ ಎಲ್ಲ ಬೀಳುವಿಕೆಯೂ ಬಗ್ ಅಲ್ಲ. ಕಾರ್ಡಿನ ಸ್ವಂತ ಟೈಮ್‌ಔಟ್ ಇರುವ ಕಡೆ, ಉದಾಹರಣೆಗೆ ಕಮಾಂಡ್ ಕೊಟ್ಟು ಐದು ಮಿಲಿಸೆಕೆಂಡಿನೊಳಗೆ ಉತ್ತರ ಓದಲೇಬೇಕಾದ ಕಡೆ, ಡಿಲೇ ಹಾಕಿದರೆ ಸುಳ್ಳು ದೂರು ಬರುತ್ತದೆ. ಐದರಲ್ಲಿ ಒಂದು ಇಂಥದ್ದೆಂದು ನನ್ನ ಅಂದಾಜು, ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಬೇರ್ಪಡಿಸಬಹುದು. ಒಂದು ಮಧ್ಯಮ ಗಾತ್ರದ ಡ್ರೈವರ್ ಪ್ಯಾಚ್ ಸರಣಿಗೆ ಪಟ್ಟಿ ಬರೆಯಲು ಒಂದು ದಿನ, ಡಿಲೇ ಸುತ್ತುಗಳಿಗೆ ಒಂದೂವರೆ ದಿನ ಹಿಡಿಯುತ್ತದೆ. ಎಸ್‌ಪಿ ರೋಡಿನ ಆ ಪಿಸಿ, ಒಂದು ರಾಸ್ಪ್‌ಬೆರಿ ಪೈ 4, ಇನ್ನೂರು ಮುನ್ನೂರು ರೂಪಾಯಿಯ ಎರಡು ಸೀರಿಯಲ್ ಕೇಬಲ್, ಕರೆಂಟ್ ಹೋದಾಗ ಲೂಪ್ ನಿಲ್ಲದಂತೆ ಒಂದು ಯುಪಿಎಸ್, ಎಲ್ಲ ಸೇರಿ ಮೂವತ್ತೈದು ಸಾವಿರದೊಳಗಿನ ಸಲಕರಣೆ. ಡೀಬಗರನ್ನು ಹಿಂತಿರುಗಿಸಿದ್ದೇವೆ, ಕ್ಲೌಡ್ ಯಂತ್ರಗಳನ್ನು ಈಗ ಕರ್ನಲ್ ಕಟ್ಟಲು ಮಾತ್ರ ಬಳಸುತ್ತೇವೆ.